ಒಂಬತ್ತು ಮಕ್ಕಳ ತೊಟ್ಟಿಲು

ಹೊಸ ಮರವನ್ನು ಹಳೆಯದು ಮಾಡುವುದು ನನ್ನ ಕಸುಬು. ಹೀಗೆಂದರೆ ಜನ ನಗುತ್ತಾರೆ. ನಕ್ಕರೆ ಬೇಸರವಿಲ್ಲ, ಮೊದಮೊದಲು ನಾನೂ ನಗುತ್ತಿದ್ದೆ. ಹೊಸದುರ್ಗದಲ್ಲಿ ನಮ್ಮಪ್ಪ ನೇಗಿಲು, ಗಾಡಿ, ಬಾಗಿಲು ಮಾಡಿಕೊಂಡು ಬದುಕಿದವರು. ಟ್ರ್ಯಾಕ್ಟರು ಬಂದು ನೇಗಿಲು ಹೋಯಿತು, ಟೆಂಪೊ ಬಂದು ಗಾಡಿ ಹೋಯಿತು, ಕಾರ್ಖಾನೆಯಿಂದ ಅಂಟು ಹಾಕಿದ ಬಾಗಿಲು ಬಂದು ಬಾಗಿಲೂ ಹೋಯಿತು. ನನ್ನ ಪಾಲಿಗೆ ಉಳಿದದ್ದು ಉಳಿ, ಬಾಚಿ, ಮತ್ತು ಹಿರಿಯೂರಿನ ಹತ್ತಿರ ಹೆದ್ದಾರಿ ಬದಿಯಲ್ಲಿ ಅಂಗಡಿ ಇಟ್ಟಿರುವ ಒಬ್ಬ ಗೆಳೆಯ. ಅವನ ಅಂಗಡಿಯಲ್ಲಿ ಹಳೆ ಕಾಲದ ಪೆಟ್ಟಿಗೆ, ಹಳೆ ಕಾಲದ ಕಂಬ, ಹಳೆ ಕಾಲದ ಮಣೆ. ಕಾರಿನಲ್ಲಿ ಹೋಗುವವರು ನಿಲ್ಲಿಸಿ, ಮುಟ್ಟಿ, ಮೂಸಿ, ಫೋಟೊ ಹೊಡೆದುಕೊಂಡು ಒಯ್ಯುತ್ತಾರೆ. ಆ ಹಳೆ ಕಾಲವೆಲ್ಲ ನನ್ನ ಮನೆ ಮುಂದಿನ ಚಪ್ಪರದಡಿ ತಯಾರಾಗುತ್ತದೆ.

"ಏನ್ಲೇ, ಈ ವಾರ ಎಷ್ಟು ನೂರು ವರ್ಷ ರೆಡಿ ಐತೆ?" ಎಂದು ಅವನು ಫೋನು ಮಾಡುತ್ತಾನೆ.

"ಎರಡು ನೂರು ವರ್ಷ ಬಿಸಿಲಿಗೆ ಒಣಗ್ತಾ ಐತೆ. ಇನ್ನೊಂದು ನೂರಕ್ಕೆ ನಾಳೆ ಬಣ್ಣ ಹೊಡೀಬೇಕು" ಎನ್ನುತ್ತೇನೆ.

ಕೆಲಸ ಕಲಿತದ್ದು ಅರ್ಧ ಮೊಬೈಲಿನ ವೀಡಿಯೊ ನೋಡಿ, ಅರ್ಧ ಹೊಳಲ್ಕೆರೆಯಲ್ಲಿ. ವೀಡಿಯೊದವರು ಸರಪಳಿಯಿಂದ ಮರಕ್ಕೆ ಬಡಿ, ತಂತಿ ಬ್ರಷ್ಷಿನಿಂದ ಉಜ್ಜು, ತುಕ್ಕು ಮೊಳೆಯನ್ನು ವಿನೆಗರಿನಲ್ಲಿ ವಾರ ನೆನೆಸಿ ಆ ನೀರು ಬಳಿ ಎಂದು ಹೇಳಿಕೊಟ್ಟರು. ಬಳಿದೆ. ಬಣ್ಣ ಬಂತು, ಆದರೆ ಮುಖ ತೊಳೆದ ಬೆಕ್ಕಿನ ಹಾಗೆ, ಬೂದಿಯೂ ಅಲ್ಲ, ಕಪ್ಪೂ ಅಲ್ಲ. ಒಂದು ದಿನ ಹೊಳಲ್ಕೆರೆಯ ನೆಂಟರ ಮನೆಯಲ್ಲಿ ಅಡಿಕೆ ಸುಲಿಯುವ ಹೆಂಗಸರ ಕೈ ನೋಡಿದೆ. ಕಬ್ಬಿಣದ ಕತ್ತಿಗೆ ಅಡಿಕೆಯ ಒಗರು ತಾಗಿ ತಾಗಿ ಬೆರಳೆಲ್ಲ ಸುಟ್ಟ ಸೌದೆಯ ಹಾಗಾಗಿದ್ದವು. "ಎಷ್ಟ್ ತಿಕ್ಕಿದ್ರೂ ಹೋಗಲ್ಲ ಕಣಪ್ಪ, ನಾವು ಸತ್ತ ಮ್ಯಾಲೂ ಇದು ಇರ್ತೈತೆ" ಎಂದಳು ಒಬ್ಬಳು. ನನ್ನ ತಲೆಯಲ್ಲಿ ದೀಪ ಹತ್ತಿತು. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಪು ಮಂದ ರಸಕ್ಕೆ ಚೊಗರು ಅನ್ನುತ್ತಾರೆ. ಒಂದು ಕ್ಯಾನು ಚೊಗರು ತಂದು ಮರಕ್ಕೆ ಮೊದಲು ಅದನ್ನು ಬಳಿದೆ, ಒಣಗಿದ ಮೇಲೆ ಮೊಳೆಯ ನೀರು ಬಳಿದೆ. ನೋಡನೋಡುತ್ತಿದ್ದಂತೆ ಮೊನ್ನೆ ಕೊಯ್ದು ತಂದ ಮರ ನಮ್ಮಜ್ಜನ ವಾರಿಗೆಯದಾಯಿತು.

ಬಣ್ಣ ಮಾತ್ರ ಸಾಲದು. ಸವೆತಕ್ಕೆ ಕಾರಣ ಇರಬೇಕು. ಮಣೆ ಸವೆಯುವುದು ಕುಂಡೆ ಊರುವ ಕಡೆ, ಹೊಸ್ತಿಲು ಸವೆಯುವುದು ನಡುವೆ, ಪೆಟ್ಟಿಗೆ ಸವೆಯುವುದು ಬೀಗದ ಕೆಳಗೆ ಹೆಬ್ಬೆರಳು ಒತ್ತುವಲ್ಲಿ. ಕಂಡಕಂಡಲ್ಲಿ ಉಜ್ಜಿದರೆ ಅದು ಹಳೆಯದಾಗುವುದಿಲ್ಲ, ಹಾಳಾಗುತ್ತದೆ. ಇದನ್ನು ನನಗೆ ಯಾವ ವೀಡಿಯೊವೂ ಹೇಳಿಕೊಡಲಿಲ್ಲ. ಅಜ್ಜಿಯ ಜೊತೆ ಬೆಳೆದವನು ನಾನು. ಹಿರಿಯರು ಎಲ್ಲಿ ಕುಂತರು, ಎಲ್ಲಿ ಒರಗಿದರು, ಏಳುವಾಗ ಎಲ್ಲಿ ಕೈ ಊರಿದರು ಎನ್ನುವುದು ಕಣ್ಣಲ್ಲಿತ್ತು. ಅವರಿಂದ ಕಲಿತದ್ದನ್ನೆಲ್ಲ ಹೀಗೆ ಬಳಸಿದೆ.

ಮೂರು ವರ್ಷದ ಹಿಂದೆ ಹಿರಿಯೂರಿನ ಗೆಳೆಯ ಒಂದು ತೊಟ್ಟಿಲು ಬೇಕೆಂದ. "ಮಕ್ಕಳಿಗಲ್ಲಪ್ಪ, ಸಿಟಿಯೋರು ಅದ್ರಾಗೆ ಗಿಡ ಇಡ್ತಾರೆ, ಪೇಪರ್ ಇಡ್ತಾರೆ" ಎಂದ. ಸಿಲ್ವರ್ ಓಕಿನ ಹೊಸ ಮರದಲ್ಲಿ ಮಾಡಿದೆ. ನಾಲ್ಕು ಮೂಲೆಗೆ ಹಗ್ಗದ ಉಂಗುರ, ಉಂಗುರ ಉಜ್ಜುವ ಕಡೆ ಹಳ್ಳ. ತೂಗುವವರ ಕೈ ಒಂದೇ ಬದಿಗೆ ಬೀಳುತ್ತದಲ್ಲ, ಆ ಬದಿಯ ಅಂಚನ್ನು ಮಾತ್ರ ನುಣ್ಣಗೆ ಸವೆಸಿದೆ. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಹುಚ್ಚು ಹಿಡಿದವನ ಹಾಗೆ ಒಂದು ಮೊಳೆಯ ತಲೆ ತಟ್ಟಿ, ಅರದಿಂದ ತೀಡಿ, ಎರಡು ಹಾಲುಹಲ್ಲಿನ ಅಚ್ಚು ಮಾಡಿದೆ. ಎದ್ದು ನಿಲ್ಲಲು ಕಲಿತ ಕೂಸು ತೊಟ್ಟಿಲ ಅಂಚು ಕಚ್ಚುತ್ತದೆ. ಅದು ಕಚ್ಚುವ ಎತ್ತರಕ್ಕೆ, ಒಂದು ಕಡೆ ಹತ್ತಿರ ಹತ್ತಿರ, ಇನ್ನೊಂದು ಕಡೆ ದೂರ ದೂರ ಅಚ್ಚು ಒತ್ತಿದೆ. ಆಮೇಲೆ ಹರಳೆಣ್ಣೆ ಕುಡಿಸಿದೆ, ಬಜೆ ತೇಯ್ದು ಒಳಗೆ ಸವರಿದೆ, ಸಾಂಬ್ರಾಣಿ ಹೊಗೆ ಹಾಕಿದೆ. ಬಾಣಂತಿ ಕೋಣೆಯ ವಾಸನೆ ಬರಲೆಂದು. ಗಿಡ ಇಡುವವರಿಗೆ ಬಜೆ ವಾಸನೆ ಯಾಕೆ? ಯಾಕೂ ಇಲ್ಲ. ನನ್ನ ಕೈಗೆ ನಾನೇ ಮರುಳಾಗಿದ್ದೆ.

"ಥೂ, ಕೂಸಿನ ಹಲ್ಲನ್ನೂ ಬಿಡಲಿಲ್ವಲ್ಲ ನೀವು" ಎಂದಳು ಹೆಂಡತಿ. ಬೈದದ್ದು. ನಾನು ಹೊಗಳಿಕೆ ಎಂದುಕೊಂಡೆ.

ತೊಟ್ಟಿಲು ಚಪ್ಪರದಡಿ ತೂಗುತ್ತಿದ್ದ ದಿನವೇ ಆ ಅಕ್ಕ ಬಂದರು. ಅವರ ತವರು ನಮ್ಮ ಹಿಂದಿನ ಓಣಿ, ಕೊಟ್ಟ ಊರು ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗ. ತವರಿಗೆ ಬಂದವರು ಕಾಲು ಅಲ್ಲಾಡುತ್ತಿದ್ದ ಶಾವಿಗೆ ಮಣೆಯನ್ನೂ ಜೊತೆಗೆ ತಂದಿದ್ದರು. ಅವರ ಮದುವೆಗೆ ನಮ್ಮಪ್ಪ ಮಾಡಿಕೊಟ್ಟದ್ದು.

"ನಿಮ್ಮಪ್ಪನ ಕೈ ಕಣಪ್ಪ ಇದು. ಮದುವ್ಯಾದಾಗಿಂದ ಒತ್ತಿದೀನಿ, ಈಗ ಮಂಡಿ ಹಿಡಿಕೊಂಡೈತೆ, ನನಗೂ ಅದಕ್ಕೂ" ಎಂದು ನಕ್ಕರು. ನಗುತ್ತಲೇ ತಿರುಗಿದವರು ತೊಟ್ಟಿಲು ನೋಡಿ ಹತ್ತಿರ ಹೋದರು. ಕೈ ನೇರವಾಗಿ ಸವೆದ ಅಂಚಿಗೇ ಹೋಯಿತು. ಸವೆಸಿದವನು ಎಲ್ಲಿ ಬಯಸಿದ್ದನೋ ಅಲ್ಲಿಗೆ. ಬೆರಳು ಹಲ್ಲಿನ ಗುರುತಿನ ಮೇಲೆ ನಿಂತಿತು. ಬಗ್ಗಿ ಮೂಸಿದರು.

"ಬಜೆ ವಾಸ್ನೆ ಇನ್ನೂ ಐತೆ ನೋಡು. ಯಾರ್ದಪ್ಪ ಇದು? ನಿಮ್ಮನೇದಾ?"

ಆಗ ನನಗಾದದ್ದು ಸಂತೋಷ. ಇದನ್ನು ಮುಚ್ಚಿಟ್ಟರೆ ಬರೆಯುವುದಕ್ಕೆ ಅರ್ಥವಿಲ್ಲ. ಕಾರಿನವರನ್ನು ಮರುಳು ಮಾಡುವುದೇನು ದೊಡ್ಡದು, ಅವರು ತೊಟ್ಟಿಲನ್ನೇ ಕಂಡವರಲ್ಲ. ಇವರು ಹೆತ್ತವರು, ತೂಗಿದವರು, ಊರ ಬಾಣಂತಿಯರಿಗೆಲ್ಲ ಎಣ್ಣೆ ನೀರು ಹಾಕಿದವರು. ಇವರ ಮೂಗೇ ಮೋಸ ಹೋಯಿತಲ್ಲ ಎಂದು ಎದೆ ಉಬ್ಬಿತು.

"ಹೂಂ ಅಕ್ಕ, ನಮ್ಮಜ್ಜಿ ಕಾಲದ್ದು" ಎಂದೆ. ತಮಾಷೆಗೆ ಎಂದೆ. ಇನ್ನೊಂದು ಮಾತಿಗೆ ನಕ್ಕು ನಿಜ ಹೇಳುವವನಿದ್ದೆ.

ಅವರು ಅಲ್ಲೇ ಮರದ ಹೊಟ್ಟಿನ ಮೇಲೆ ಕುಂತುಬಿಟ್ಟರು. ಸದ್ದಿಲ್ಲದೆ ಕಣ್ಣೊರೆಸಿಕೊಂಡರು. ಸೊಸೆಗೆ ಎರಡು ಸಲ ಹೆರಿಗೆಯಾಗಿತ್ತಂತೆ. ಒಂದು ಕೂಸು ಹನ್ನೊಂದನೇ ದಿನಕ್ಕೆ ಹೋಯಿತು, ಇನ್ನೊಂದು ಮೂರು ತಿಂಗಳಿಗೆ. ಈಗ ಮತ್ತೆ ಏಳು ತುಂಬಿತ್ತು.

"ಡಾಕ್ಟ್ರು ಎಲ್ಲಾ ಸರಿ ಐತೆ ಅಂತಾರಪ್ಪ. ಆದ್ರೆ ಆ ಹುಡುಗಿ ರಾತ್ರಿಯೆಲ್ಲಾ ಕುಂತೇ ಇರ್ತಾಳೆ. ಎರಡು ಸಲಾನೂ ಹೊಸಾ ತೊಟ್ಲು ತಂದ್ರಿ, ಅದಕ್ಕೇ ಹಿಂಗಾತು ಅಂತ ಯಾರೋ ಬಾಯಿ ಹಾಕ್ಯಾರೆ. ಅವತ್ತಿಂದ ಬಾಳಿದ ತೊಟ್ಲು ಹುಡುಕ್ತಿದೀನಿ. ಈಗ ಯಾರ ಮನ್ಯಾಗ್ ಐತೆ? ಎಲ್ರೂ ಕಬ್ಬಿಣದ ಸ್ಟ್ಯಾಂಡು, ಸೀರೆ ಜೋಲಿ."

ನಮ್ಮ ಕಡೆ ಈ ಪದ್ಧತಿ ಉಂಟು. ಕೂಸು ನಿಲ್ಲದ ಮನೆಗೆ ಹೊಸ ತೊಟ್ಟಿಲು ತರುವುದಿಲ್ಲ. ಮಕ್ಕಳು ಮಲಗಿ ಎದ್ದು ಬೆಳೆದು ಹೋದ ತೊಟ್ಟಿಲನ್ನು ಕೇಳಿ ತರುತ್ತಾರೆ. ಅದನ್ನು ಕೊಳ್ಳುವ ಹಾಗಿಲ್ಲ, ಕೊಟ್ಟವರು ಕೊಟ್ಟಂತೆ ತಂದು, ಕೆಲಸ ಮುಗಿದ ಮೇಲೆ ಅಕ್ಕಿ ಕಾಯಿ ತುಂಬಿ ಹಿಂದಿರುಗಿಸಬೇಕು. ಬಾಳಿದ ತೊಟ್ಟಿಲು ಎಂದರೆ ಅದು.

"ಎಷ್ಟು ಮಕ್ಕಳಾಡ್ಯಾವಪ್ಪ ಇದ್ರಾಗೆ?" ಎಂದರು.

"ಒಂಬತ್ತು."

"ಎಲ್ಲಾ ಉಳಿದ್ವಾ?"

ಅವರು ನನ್ನ ಮುಖ ನೋಡುತ್ತಿದ್ದರು. ಕೈ ಇನ್ನೂ ತೊಟ್ಟಿಲ ಮೇಲಿತ್ತು.

"ಎಲ್ಲಾ ಉಳಿದ್ವು ಅಕ್ಕ."

ಒಂಬತ್ತು ಎಂಬ ಲೆಕ್ಕ ಎಲ್ಲಿಂದ ಬಂತು ಎಂದರೆ, ನಮ್ಮಜ್ಜಿಯಿಂದ ಬಂತು. ಅಜ್ಜಿ ಹೆತ್ತದ್ದು ಒಂಬತ್ತು, ಉಳಿದದ್ದು ನಾಲ್ಕು. ಅವರೆಕಾಯಿ ಸುಲಿಯುತ್ತ ಕುಂತಾಗ ಅಜ್ಜಿ ಒಂಬತ್ತನ್ನೂ ಬೆರಳ ಗೆಣ್ಣಿನ ಮೇಲೆ ಹೆಸರಿಟ್ಟು ಎಣಿಸುತ್ತಿತ್ತು. "ಹೋದೋರ್ನ ಯಾಕಜ್ಜಿ ಎಣಿಸ್ತೀಯ?" ಎಂದು ನಾನು ಚಿಕ್ಕಂದಿನಲ್ಲಿ ಕೇಳಿದ್ದೆ. "ತೆಗೆದು ಬಿಸಾಕಾಕೆ ಅವೇನು ಹುಳುಕು ಕಾಳೇನಲೇ?" ಎಂದಿತ್ತು. ಹುಟ್ಟಿದ್ದು ಹೆತ್ತವಳ ಲೆಕ್ಕ, ಉಳಿದದ್ದು ಊರ ಲೆಕ್ಕ ಎನ್ನುವುದು ಅದರದೇ ಮಾತು. ಆ ಐದು ಕೂಸುಗಳನ್ನು ಒಂದು ಮಾತಿನಲ್ಲಿ ಬದುಕಿಸಿ ನಾನು ಕೊಟ್ಟುಬಿಟ್ಟೆ. ಅಜ್ಜಿಯ ದುಃಖ ಅಳಿಸಿ ಹಾಕಿದೆ, ಮರದ ಮೇಲೆ ಮರಳು ಕಾಗದ ಎಳೆದ ಹಾಗೆ.

ತೊಟ್ಟಿಲನ್ನು ಲಗೇಜ್ ಆಟೊಗೆ ಏರಿಸಿದ್ದೂ ನಾನೇ. ಅಕ್ಕ ತಮ್ಮ ಸೆರಗು ಅದಕ್ಕೆ ಮುಚ್ಚಿದರು. "ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣಪ್ಪ" ಎಂದರು. ಹಿರಿಯೂರಿನ ಗೆಳೆಯನಿಗೆ ಮರ ಸೀಳಿತು ಎಂದು ಇನ್ನೊಂದು ಸುಳ್ಳು ಹೇಳಿದೆ. ಹೆಂಡತಿಗೆ, ಪಾಪ, ಬಸುರಿ ಇರುವ ಮನೆಗೆ ಸುಮ್ಮನೆ ಕೊಟ್ಟೆ ಎಂದೆ. "ಒಳ್ಳೇ ಕೆಲಸ ಮಾಡಿದ್ರಿ" ಎಂದಳು. ಒಳ್ಳೆಯವನು ಎಂದುಕೊಂಡೇ ಎರಡು ತಿಂಗಳು ಉಂಡೆ, ಮಲಗಿದೆ.

ಗಂಡು ಕೂಸು ಹುಟ್ಟಿತು. ಹನ್ನೊಂದನೇ ದಿನ ದಾಟಿತು. ಮೂರು ತಿಂಗಳು ದಾಟಲಿ ಎಂದು ಕಾದು ತೊಟ್ಟಿಲು ಶಾಸ್ತ್ರ ಇಟ್ಟುಕೊಂಡರು. ಅಲ್ಲಿಯವರೆಗೆ ಕೂಸನ್ನು ಮಡಿಲಲ್ಲೇ ಮಲಗಿಸಿದ್ದರಂತೆ. ಫೋನಿನಲ್ಲಿ ಅಕ್ಕನ ದನಿ ಹಬ್ಬದ ಹಾಗಿತ್ತು. "ನೀನು, ನಿನ್ ಹೆಂಡ್ತಿ ಬರ್ಲೇಬೇಕು. ನೀವು ಬರದೆ ಕೂಸನ್ನ ತೊಟ್ಲಿಗೆ ಹಾಕಲ್ಲ."

ಹೋದೆವು. ಪಡಸಾಲೆಯ ತುಂಬ ಹೆಂಗಸರು. ತೊಲೆಯಿಂದ ತೊಟ್ಟಿಲು ಇಳಿಬಿಟ್ಟಿದ್ದರು, ಮಾವಿನೆಲೆ, ಹೂವು, ಹಸಿರು ಬಳೆ. ಹೂವಿನ ನಡುವೆ ನನ್ನ ಸರಪಳಿಯ ಏಟುಗಳು ಕಾಣುತ್ತಿದ್ದವು. ನನ್ನನ್ನು ಚಾಪೆಯ ಮೇಲೆ ಹಿರಿಯನ ಜಾಗದಲ್ಲಿ ಕೂರಿಸಿದರು. ಸೊಸೆ ಕೂಸನ್ನು ಎದೆಗವಚಿಕೊಂಡು ಮೂಲೆಯಲ್ಲಿ ಕುಂತಿದ್ದಳು. ಇನ್ನೂ ಚಿಕ್ಕವಳು. ಕಣ್ಣು ಕೂಸಿನ ಮೇಲಿಲ್ಲ, ತೊಟ್ಟಿಲ ಮೇಲೆ.

ಕೂಸನ್ನು ಹಾಕುವ ಮೊದಲು ಬಟ್ಟೆ ಸುತ್ತಿದ ಗುಂಡುಕಲ್ಲನ್ನು ತೊಟ್ಟಿಲಲ್ಲಿಟ್ಟು ತೂಗುವುದು ಎಲ್ಲರ ಮನೆಯಲ್ಲೂ ಇದೆ. ಅವರ ಮನೆಯಲ್ಲಿ ಇನ್ನೊಂದು ರೂಢಿ ಇತ್ತು, ನನಗೆ ಗೊತ್ತಿರಲಿಲ್ಲ. ಕಲ್ಲನ್ನು ತೂಗುವಾಗ ಆ ತೊಟ್ಟಿಲಲ್ಲಿ ಬಾಳಿದವರ ಹೆಸರು ಕರೆಯಬೇಕು. ಒಂದು ಹೆಸರಿಗೆ ಒಂದು ತೂಗು.

"ಒಂಬತ್ತು ಹೆಸರು ಹೇಳಪ್ಪ" ಎಂದರು ಅಕ್ಕ. "ನಿಮ್ಮೋರು ಬಾಳಿದಂಗೆ ಇದೂ ಬಾಳ್ಲಿ."

"ಅಯ್ಯೋ, ಮರ್ತಿದ್ರೆ ಮೊಬೈಲ್ನಾಗೆ ನೋಡ್ಕಂಡು ಹೇಳಪ್ಪ!" ಎಂದು ಒಬ್ಬ ಮುದುಕಿ ರೇಗಿಸಿತು. ಎಲ್ಲರೂ ನಕ್ಕರು. ನನ್ನ ಹೆಂಡತಿ ನಗಲಿಲ್ಲ. ಅವಳು ತೊಟ್ಟಿಲು ನೋಡಿದಳು, ನನ್ನನ್ನು ನೋಡಿದಳು. ಚೊಗರು ಕಾಯಿಸಿಕೊಟ್ಟವಳು ಅವಳೇ.

ಆಗಲೂ ಹೇಳಬಹುದಿತ್ತು. ಹೇಳಿದರೆ ಆ ಹುಡುಗಿ ಕೂಸನ್ನು ತೊಟ್ಟಿಲಿಗೆ ಹಾಕುವುದಿಲ್ಲ, ರಾತ್ರಿ ಮಲಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವೂ ಇರಬಹುದು. ಆದರೆ ನಾಲಿಗೆ ಹಿಡಿದದ್ದು ಅದಲ್ಲ. ಅಷ್ಟು ಹೆಂಗಸರ ಎದುರು ಮಾನ ಹೋಗುತ್ತದೆ ಎನ್ನುವ ಅಂಜಿಕೆ.

ಮೊದಲ ಹೆಸರು ನಮ್ಮ ದೊಡ್ಡಪ್ಪನದು. ಅಕ್ಕ ತೂಗಿದರು, ಹೆಂಗಸರು "ಬಾಳಲಿ" ಎಂದರು. ಎರಡನೆಯದು ನಮ್ಮಪ್ಪನದು. ಬಾಳಲಿ. ಇಬ್ಬರು ಅತ್ತೆಯರು. ಬಾಳಲಿ, ಬಾಳಲಿ. ಬದುಕಿ ಉಳಿದವರ ಹೆಸರು ಅಲ್ಲಿಗೆ ಮುಗಿಯಿತು. ಐದನೆಯದಕ್ಕೆ ಹೊಸ ಹೆಸರು ಕಟ್ಟಲು ಹೊಳೆಯಲಿಲ್ಲ. ಅಜ್ಜಿಯ ಗೆಣ್ಣುಗಳು ಕಣ್ಣ ಮುಂದೆ ಬಂದವು. ಅಂಬೆಗಾಲಿಡುವ ಮೊದಲೇ ಹೋದ ಆ ಐದು ಕೂಸುಗಳ ಹೆಸರನ್ನೇ ಒಂದೊಂದಾಗಿ ಕರೆದೆ. ಅವುಗಳನ್ನು ಇಲ್ಲಿ ಬರೆಯುವುದಿಲ್ಲ. ಒಂದೊಂದಕ್ಕೂ ಕಲ್ಲು ಅತ್ತಿಂದಿತ್ತ ತೂಗಿತು, ಒಂದೊಂದಕ್ಕೂ ಹೆಂಗಸರು ಬಾಳಲಿ ಎಂದರು. ಒಂಬತ್ತನೆಯದಾದ ಮೇಲೆ ಸೊಸೆ ಎದ್ದು ಬಂದು ಕೂಸನ್ನು ಹಾಕಿದಳು. ಕೈ ತೆಗೆಯಲು ಬಹಳ ಹೊತ್ತು ತೆಗೆದುಕೊಂಡಳು. ಆಮೇಲೆ ನನ್ನ ಕಾಲಿಗೆ ಬಿದ್ದಳು.

ಹೊಳಲ್ಕೆರೆಯಲ್ಲಿ ಬಸ್ಸಿಗೆ ಕಾಯುವಾಗ ಹೆಂಡತಿ ಬಾಯಿ ಬಿಟ್ಟಳು. ಅವಳ ಮಡಿಲಲ್ಲಿ ಅವರು ತುಂಬಿದ ಅಕ್ಕಿ, ಕಾಯಿ ಇತ್ತು.

"ನಾಲ್ಕು ಹೆಸರಾದ ಮ್ಯಾಲೆ ಕರೆದ್ರಲ್ಲ, ಅವು ಯಾರ್ವು?"

ಹೇಳಿದೆ.

"ಅವ್ರಿಗೆ ಒಂದು ದಿನ ಎಡೆ ಇಟ್ಟಿಲ್ಲ ನಾವು. ಇವತ್ತು ಕರೆದು ಕೂಲಿಗೆ ಹಚ್ಚಿದ್ರಲ್ಲ" ಎಂದಳು. ಆ ಅಕ್ಕಿಯನ್ನು ಅವಳು ಅಡುಗೆ ಮಾಡಲಿಲ್ಲ. ಡಬ್ಬಿಯಲ್ಲೇ ಇಟ್ಟಳು.

ಕೆಲಸ ಬಿಟ್ಟೆಯಾ ಎಂದರೆ, ಇಲ್ಲ. ಬಿಟ್ಟೆ ಎಂದು ಬರೆದರೆ ಓದಲು ಚೆನ್ನಾಗಿರುತ್ತಿತ್ತು. ಮಾರನೇ ವಾರವೇ ಎರಡು ಪೆಟ್ಟಿಗೆ, ಒಂದು ಕಂಬ ಹಿರಿಯೂರಿಗೆ ಹೋದವು. ಸರಪಳಿ ಎತ್ತಿದಾಗ ಕೈ ಸ್ವಲ್ಪ ಹಿಂಜರಿಯುತ್ತಿತ್ತು, ಅಷ್ಟೆ. ಎರಡು ಏಟು ಹಾಕಿದ ಮೇಲೆ ಅದೂ ಹೋಗುತ್ತಿತ್ತು.

ಕೂಸಿಗೆ ಏಳು ತಿಂಗಳಾದಾಗ ಅಕ್ಕ ಫೋನು ಮಾಡಿದರು. ಪಕ್ಕದ ಮನೆಯ ಹುಡುಗಿಗೂ ಒಂದು ಸಲ ಕೂಸು ಹೋಗಿದೆಯಂತೆ, ಈಗ ದಿನ ತುಂಬಿದೆಯಂತೆ. ತೊಟ್ಟಿಲು ಕೇಳುತ್ತಿದ್ದಾರೆ. "ಕೊಟ್ಟೋರ ಮಾತಿಲ್ದೆ ದಾಟಿಸಬಾರದಲ್ಲ, ಅದಕ್ಕೆ ಕೇಳ್ದೆ. ಈಗ ಅದು ಹತ್ತು ಮಕ್ಕಳ ತೊಟ್ಲು ಕಣಪ್ಪ" ಎಂದು ನಕ್ಕರು.

ನಾಳೆ ಬರುತ್ತೇನೆ ಎಂದೆ. ಒಂದು ಮನೆಯಲ್ಲಿದ್ದ ಸುಳ್ಳು ಓಣಿಗೆ ಇಳಿಯುತ್ತಿತ್ತು. ಇನ್ನು ಹೇಳದೆ ಇರುವುದು ಸಾಧ್ಯವಿಲ್ಲ ಎಂದು ಬೆಳಗಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಹೇಳಿದ ಮೇಲೆ ಅವರು ಬೈಯುತ್ತಾರೆ, ನಾನು ತಲೆ ತಗ್ಗಿಸುತ್ತೇನೆ, ಎದೆ ಹಗುರಾಗುತ್ತದೆ. ಹೀಗೆಲ್ಲ.

ಅಕ್ಕ ಹಿತ್ತಲಲ್ಲಿ ಮೆಕ್ಕೆಜೋಳದ ತೆನೆ ಬಿಡಿಸುತ್ತಿದ್ದರು. "ಬಾರಪ್ಪ, ಕುಂತ್ಕ" ಎಂದು ಖಾಲಿ ಚೀಲ ಹಾಸಿದರು. ಸೊಸೆ ಒಳಗಿದ್ದಳು. ನಾನು ದನಿ ತಗ್ಗಿಸಿ ಎಲ್ಲವನ್ನೂ ಹೇಳಿದೆ. ಸಿಲ್ವರ್ ಮರ, ಚೊಗರು, ಮೊಳೆಯ ನೀರು, ಹಲ್ಲಿನ ಅಚ್ಚು, ಬಜೆ. ಒಂಬತ್ತು ಹೆಸರೂ ನಿಜ ಅಕ್ಕ, ಆದರೆ ಐದು ಉಳಿಯಲಿಲ್ಲ, ಉಳಿದ ನಾಲ್ಕೂ ಆ ತೊಟ್ಟಿಲಲ್ಲಿ ಮಲಗಲಿಲ್ಲ ಎಂದೆ.

ಅವರ ಕೈ ತೆನೆಯ ಮೇಲೆ ನಿಂತಿತು. ಬೈಯಲಿಲ್ಲ.

"ಹಲ್ಲಿನ ಗುರುತೂ ನೀವೇ ಮಾಡಿದ್ದಾ?"

ನೀವು ಎಂದರು. ನಾನು ಚಿಕ್ಕವನಿದ್ದಾಗಿನಿಂದ ನೀನು ಎಂದ ಬಾಯಿ.

"ಹೂಂ ಅಕ್ಕ."

"ನಿದ್ದೆ ಬರದಿದ್ದಾಗ ಅದನ್ನ ಸವರ್ತಾ ಕುಂತ್ಕಂತಿದ್ದೆ ನಾನು. ಇಷ್ಟು ಕೂಸು ಬಾಳ್ಯಾವೆ, ನಮ್ದೂ ಬಾಳ್ತೈತೆ ಅಂತ." ಕೈಯಲ್ಲಿದ್ದ ತೆನೆ ಕೆಳಗಿಟ್ಟು, "ಇದನ್ನ ನನಗ್ಯಾಕ್ ಹೇಳಿದ್ರಿ?" ಎಂದರು.

"ತಡಕೊಳ್ಳಾಕೆ ಆಗ್ಲಿಲ್ಲ ಅಕ್ಕ."

"ಈಗ ನಾನು ತಡಕೋಬೇಕಲ್ಲ. ಕೂಸಿಗೆ ನಾಳೆ ಒಂದು ಜ್ವರ ಬಂದ್ರೆ, ನಾನು ಎಲ್ಲಿ ನೋಡ್ಲಿ?"

ನನ್ನ ಭಾರ ಇಳಿಸಬೇಕೆಂದು ಬಂದವನು, ಇಳಿಸುವುದು ಯಾರ ತಲೆಯ ಮೇಲೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಅಷ್ಟರಲ್ಲಿ ಸೊಸೆ ಹಿತ್ತಲ ಬಾಗಿಲಿಗೆ ಬಂದಳು. ಮೈ ತುಂಬಿಕೊಂಡಿದ್ದಳು, ನಿದ್ದೆ ಮಾಡಿದ ಮುಖ. "ಯಾವಾಗ್ ಬಂದ್ರಿ? ಅತ್ತೆ, ಒಳಗೆ ಕರೀಬಾರ್ದಾ?"

"ತೊಟ್ಲ ಹಗ್ಗ ಗಟ್ಟಿ ಐತಾ ನೋಡ್ಬೇಕು ಅಂತ ಬಂದಾರೆ ಕಣವ್ವ" ಎಂದರು ಅಕ್ಕ.

ಆ ಮಾತು ಹೇಳುವಾಗ ಅವರ ದನಿ ಒಂದು ಕಡೆ ಮೇಲೆ ಹೋಗಿ ಒಂದು ಕಡೆ ಒಡೆಯಿತು. ಸುಳ್ಳು ಹೇಳಿ ರೂಢಿ ಇರಲಿಲ್ಲ.

ಒಳಗೆ ಹೋದೆ. ಕೂಸು ತೊಟ್ಟಿಲಲ್ಲಿ ಎದ್ದು ಕುಂತು ಅಂಚು ಹಿಡಿದಿತ್ತು. ನನ್ನನ್ನು ನೋಡಿ ಜೊಲ್ಲು ಸುರಿಸಿ ನಕ್ಕಿತು. ನಾನು ನಾಲ್ಕು ಹಗ್ಗವನ್ನೂ ಜಗ್ಗಿ ನೋಡಿದೆ, ತೊಲೆಯ ಕೊಂಡಿ ನೋಡಿದೆ. ಹಗ್ಗ ಗಟ್ಟಿಯೇ ಇತ್ತು. ಆದರೂ ಒಂದು ಗಂಟು ಬಿಚ್ಚಿ ಮತ್ತೆ ಹಾಕಿದೆ, ಮಾಡಲು ಬೇರೇನೂ ಇರಲಿಲ್ಲ.

"ಪಕ್ಕದ್ಮನೆಯೋರು ಕೇಳ್ತಿದ್ರಲ್ಲ ಅತ್ತೆ, ಇವ್ರನ್ನೇ ಕೇಳ್ರಿ, ಕೊಡಬೋದಾ ಅಂತ" ಎಂದಳು ಸೊಸೆ. "ಪಾಪ, ಅವಳಿಗೂ ಧೈರ್ಯ ಬರ್ತೈತೆ. ನನ್ನ ಕೂಸು ಬೇಕಾದ್ರೆ ಇನ್ಮ್ಯಾಲೆ ಜೋಲ್ಯಾಗ್ ಮಲಗ್ತೈತೆ."

ನಾನು ಅಕ್ಕನ ಕಡೆ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ.

"ಈಗ ಬ್ಯಾಡ" ಎಂದರು. "ಅವ್ರ ಮನೇದು, ಅವ್ರಿಗೆ ಬೇಕಂತೆ. ಕೂಸು ನಡೆಯೋ ಮಟ ಇಲ್ಲಿರ್ಲಿ, ಆಮ್ಯಾಲೆ ವಾಪಸ್ ಒಯ್ತಾರೆ."

ಅವರ ಎರಡನೆಯ ಸುಳ್ಳು. ಇದನ್ನು ಹೇಳುವಾಗ ದನಿ ಅಷ್ಟು ಒಡೆಯಲಿಲ್ಲ. ಸೊಸೆ ನನ್ನ ಮುಖ ನೋಡಿದಳು, ಆ ಪಕ್ಕದ ಮನೆಯವಳ ಸಲುವಾಗಿ ಸ್ವಲ್ಪ ನಿರಾಸೆ, ಸ್ವಲ್ಪ ಕೋಪ. ಇಷ್ಟು ಜಿಪುಣನೇ ಈ ಮನುಷ್ಯ ಎನ್ನುವ ಹಾಗೆ. ನಾನು ಹೌದೆಂದು ತಲೆಯಾಡಿಸಿದೆ.

ಕಾಫಿ ಕೊಟ್ಟರು. ಕುಡಿದೆ. ಲೋಟ ಇಟ್ಟು ಎದ್ದೆ. ಬಾಗಿಲವರೆಗೆ ಅಕ್ಕ ಬಂದರು, ಸೊಸೆ ನೋಡುತ್ತಿದ್ದಳಲ್ಲ, ಅದಕ್ಕೆ.

"ಬರ್ತೀನಿ ಅಕ್ಕ" ಎಂದೆ.

"ಹೂಂ" ಎಂದರು. "ಹೋಗ್ರಿ."